ಆರು ಸೋಮವಾರಗಳ ಲೆಕ್ಕ: ಶಿಡ್ಲಘಟ್ಟದ ಒಬ್ಬ ರೀಲರ್, ಸಿಸ್‌ಪ್ಲಾಟಿನ್ ಅನ್ನೋ ಒಂದು ಔಷಧಿ

ಇಲ್ಲಿ ಸಾಮಾನ್ಯವಾಗಿ ರಾಜರು, ಕೋಟೆ, ಕೆರೆ ಅಂತ ಮಾತಾಡ್ತೀವಿ. ಇವತ್ತು ಒಂದು ಔಷಧಿಯ ಇತಿಹಾಸ. ಇದು ನಮ್ಮ ಮನೆಯಿಂದಲೇ ಶುರುವಾಗುತ್ತೆ, ಅದಕ್ಕೆ ಸ್ವಲ್ಪ ಸೈರಿಸಿಕೊಳ್ಳಿ.

2023ರ ಸೆಪ್ಟೆಂಬರ್. ಒಂದು ಭಾನುವಾರ ರಾತ್ರಿ. ಶಿಡ್ಲಘಟ್ಟದ ಮನೆಯಲ್ಲಿ ನಮ್ಮ ದೊಡ್ಡಪ್ಪ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ಬಾಯೆಲ್ಲ ಹುಣ್ಣಾಗಿ ಮಾತಾಡೋಕೆ ಆಗ್ತಿರಲಿಲ್ಲ. ಹಳೇ ಗೂಡಿನ ಲೆಕ್ಕದ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಎರಡು ಪದ ಬರೆದು ನನ್ನ ಕಡೆ ನೂಕಿದ್ರು: "ಇಂಕ ಚಾಲು." ನಮ್ಮ ಕಡೆ ಮನೆಮಾತು ಅರ್ಧ ತೆಲುಗು, ಗೊತ್ತಲ್ಲ. ಇನ್ನು ಸಾಕು ಅಂತ ಅರ್ಥ. ಆರು ಕೀಮೋದಲ್ಲಿ ನಾಲ್ಕು ಮುಗಿದಿತ್ತು. ಐದನೆಯದಕ್ಕೆ ಮಾರನೇ ಬೆಳಿಗ್ಗೆ ಬೆಂಗಳೂರಿಗೆ ಹೋಗಬೇಕಿತ್ತು.

ದೊಡ್ಡಪ್ಪ ರೀಲರ್. ಮೂವತ್ತು ವರ್ಷ ರೇಷ್ಮೆಗೂಡು ಬೇಯಿಸಿ ನೂಲು ತೆಗೆದವರು. ಬೆಳಗಿನ ಜಾವ ಮಾರ್ಕೆಟ್, ಆಮೇಲೆ ಬಿಸಿನೀರಿನ ಹಬೆ, ಹುಳದ ವಾಸನೆ. ಆ ಕೆಲಸದಲ್ಲಿ ಊಟದ ಹೊತ್ತು ಅಂತ ಇರಲ್ಲ. ಹಸಿವು ತಡೆಯೋಕೆ ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ. ಕೆನ್ನೆಯ ಒಳಗೆ ಒಂದು ಮೂಲೆಯಲ್ಲಿ ಒತ್ತಿಟ್ಟುಕೊಂಡ್ರೆ ಎರಡು ಗಂಟೆ ಕಳೆಯುತ್ತೆ. ಕ್ಯಾನ್ಸರ್ ಬಂದಿದ್ದೂ ಅದೇ ಮೂಲೆಗೆ.

ಇದು ಹೊಸ ವಿಷಯ ಅಲ್ಲ. 1902ರಲ್ಲೇ ಮದ್ರಾಸ್‌ನ ಸರ್ಜನ್ ನಿಬ್ಲಾಕ್ ಎಲೆಅಡಿಕೆ ಅಗಿಯೋದಕ್ಕೂ ಬಾಯಿ ಕ್ಯಾನ್ಸರ್‌ಗೂ ನಂಟಿದೆ ಅಂತ ಬರೆದಿದ್ದರು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕು ಹಾಕಿದ ಎಲೆಅಡಿಕೆ ಕ್ಯಾನ್ಸರ್ ತರುತ್ತೆ ಅಂದಿತು. 2004ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಂಬಾಕು ಇಲ್ಲದಿದ್ರೂ ಬರೀ ಅಡಿಕೆಯೇ ಸಾಕು ಅಂದಿತು. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಕಡ್ಡಿಪುಡಿ ಪೊಟ್ಟಣ ಮಾತ್ರ ನಮ್ಮ ಬೀದಿಯ ಕೊನೆ ಅಂಗಡಿಯಲ್ಲಿ ಇವತ್ತೂ ತೂಗಾಡ್ತಾ ಇದೆ.

ದೊಡ್ಡಪ್ಪಂಗೆ ಮೊದಲು ಆಪರೇಷನ್ ಆಯ್ತು. ಕೆನ್ನೆಯ ಗಡ್ಡೆ ತೆಗೆದರು, ಕತ್ತಿನ ಗಂಟುಗಳನ್ನೂ ತೆಗೆದರು. ರಿಪೋರ್ಟ್‌ನಲ್ಲಿ ಒಂದು ಗಂಟಿನೊಳಗಿನ ಕ್ಯಾನ್ಸರ್ ಗಂಟಿನ ಗೋಡೆ ಒಡೆದು ಹೊರಗೆ ಬಂದಿದೆ ಅಂತ ಬಂತು. ಹಾಗಾಗಿ ಆರು ವಾರ ರೇಡಿಯೇಷನ್, ಸೋಮವಾರದಿಂದ ಶುಕ್ರವಾರ, ಒಟ್ಟು 30. ಜೊತೆಗೆ ವಾರಕ್ಕೊಂದು ಕೀಮೋ, ಒಟ್ಟು ಆರು. ಔಷಧಿ ಹೆಸರು ಸಿಸ್‌ಪ್ಲಾಟಿನ್.

ಆ ಭಾನುವಾರ ರಾತ್ರಿ ದೊಡ್ಡಪ್ಪ ಲೆಕ್ಕದ ಪುಸ್ತಕದಲ್ಲಿ ಮತ್ತೊಂದು ಸಾಲು ಬರೆದರು: "ಗಡ್ಡೆ ತೆಗೆದಾಯ್ತಲ್ಲ, ಮತ್ತೆ ಯಾಕೆ?" ನಿಜ ಹೇಳ್ತೀನಿ, ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ವಾರ ಆಸ್ಪತ್ರೆಗೆ ಓಡಾಡಿದ್ವಿ, ಆರು ಅಂದ್ರೆ ಆರೇ ಯಾಕೆ ಅಂತ ಯಾರೂ ನಮಗೆ ಕೂರಿಸಿ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ನಾನು ಸುಮ್ಮನೆ ಜೋರು ಮಾಡಿದೆ. ಅವರು ದೀಪ ಆರಿಸು ಅಂತ ಕೈಸನ್ನೆ ಮಾಡಿದ್ರು.

ಆ ಪ್ರಶ್ನೆಗೆ ಉತ್ತರ ಆಮೇಲೆ ಹುಡುಕಿದೆ. ಈ ಎಪಿಸೋಡ್ ಅಂದ್ರೆ ಅದೇ.

ಸಿಸ್‌ಪ್ಲಾಟಿನ್‌ನಲ್ಲಿರೋದು ಪ್ಲಾಟಿನಂ, ಹೌದು, ಒಡವೆ ಅಂಗಡಿಯ ಪ್ಲಾಟಿನಮ್ಮೇ. ಈ ರಾಸಾಯನಿಕವನ್ನ ಮೊದಲು ತಯಾರಿಸಿದ್ದು ಇಟಲಿಯ ಮಿಕೆಲೆ ಪೆಯ್ರೋನೆ, 1844ರ ಹೊತ್ತಿಗೆ. ಅದು ಔಷಧಿ ಅನ್ನೋದು ಅವರಿಗೂ ಗೊತ್ತಿರಲಿಲ್ಲ, ಮುಂದಿನ 120 ವರ್ಷ ಬೇರೆ ಯಾರಿಗೂ ಗೊತ್ತಾಗಲಿಲ್ಲ. ಪೆಯ್ರೋನೆ ಉಪ್ಪು ಅಂತ ಪುಸ್ತಕಗಳಲ್ಲಿ ಒಂದು ಹೆಸರಾಗಿ ಉಳಿದಿತ್ತು ಅಷ್ಟೆ.

1960ರ ದಶಕದಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಅಂತ ಒಬ್ಬರಿದ್ದರು. ಡಾಕ್ಟರ್ ಅಲ್ಲ, ಭೌತಶಾಸ್ತ್ರದವರು. ಜೀವಕೋಶ ಎರಡಾಗಿ ಒಡೆಯೋವಾಗಿನ ಚಿತ್ರ ನೋಡಿದ್ರೆ ಅವರಿಗೆ ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ನಿಂತ ಹಾಗೆ ಕಾಣ್ತಿತ್ತು. ಹಾಗಾದ್ರೆ ಕರೆಂಟ್ ಕೊಟ್ರೆ ಏನಾಗುತ್ತೆ ನೋಡೋಣ ಅಂತ ಬ್ಯಾಕ್ಟೀರಿಯಾ ಇರೋ ದ್ರವದಲ್ಲಿ ಪ್ಲಾಟಿನಂ ಎಲೆಕ್ಟ್ರೋಡ್ ಇಳಿಸಿದ್ರು. ಪ್ಲಾಟಿನಂ ಯಾಕೆ ಅಂದ್ರೆ, ಅದು ಯಾವುದರ ಜೊತೆಗೂ ಬೆರೆಯಲ್ಲ ಅನ್ನೋ ನಂಬಿಕೆ. ಕರೆಂಟ್ ಹರಿಸಿದಾಗ ಬ್ಯಾಕ್ಟೀರಿಯಾ ಎರಡಾಗಿ ಒಡೆಯೋದು ನಿಲ್ಲಿಸಿ ಸುಮ್ಮನೆ ಉದ್ದ ಬೆಳೀತಾ ಹೋದವು, 300 ಪಟ್ಟು ಉದ್ದದವರೆಗೆ. ನಮ್ಮೂರಿನವರು ನೋಡಿದ್ರೆ ಗೂಡಿನಿಂದ ನೂಲು ಬಿಚ್ಚಿದ ಹಾಗಿದೆ ಅನ್ನೋರು. ಮತ್ತೆ ಮತ್ತೆ ಪರೀಕ್ಷೆ ಮಾಡಿದಾಗ ಗೊತ್ತಾಗಿದ್ದು, ಕೆಲಸ ಮಾಡಿದ್ದು ಕರೆಂಟ್ ಅಲ್ಲ. ಯಾವುದರ ಜೊತೆಗೂ ಬೆರೆಯಲ್ಲ ಅಂದುಕೊಂಡಿದ್ದ ಪ್ಲಾಟಿನಂ ಸ್ವಲ್ಪ ಕರಗಿ ದ್ರವದಲ್ಲಿ ಸೇರಿತ್ತು. ಈ ಸಂಗತಿ 1965ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು.

ಬ್ಯಾಕ್ಟೀರಿಯಾ ಒಡೆಯೋದು ನಿಲ್ಲಿಸುತ್ತೆ ಅಂದ್ರೆ, ಹದ್ದು ಮೀರಿ ಒಡೆಯೋ ಕ್ಯಾನ್ಸರ್ ಕೋಶವನ್ನೂ ನಿಲ್ಲಿಸಬಹುದಲ್ವಾ? ಇಲಿಗಳಲ್ಲಿ ಗಡ್ಡೆ ಕರಗಿತು. 1971ರ ಹೊತ್ತಿಗೆ ಮೊದಲ ರೋಗಿಗಳಿಗೆ ಕೊಟ್ಟರು. ಅಲ್ಲಿ ಕಥೆ ಮುಗಿದುಹೋಗೋದಿತ್ತು. ಯಾಕಂದ್ರೆ ಔಷಧಿ ಕ್ಯಾನ್ಸರ್ ಜೊತೆ ಕಿಡ್ನಿಯನ್ನೂ ಹಾಳು ಮಾಡ್ತಿತ್ತು. ಮೇಲಾಗಿ ವಾಂತಿ, ಒಂದೇ ದಿನದಲ್ಲಿ ಹತ್ತು ಹನ್ನೆರಡು ಸಲ. ಎರಡನೇ ಡೋಸ್‌ಗೆ ವಾಪಸ್ ಬಾರದವರ ಮೇಲೆ ಹೇಗೆ ಸಿಟ್ಟಾಗ್ತೀರಿ?

ಈ ಔಷಧಿಯನ್ನ ಉಳಿಸಿದ್ದು ನೀರು. ತಮಾಷೆ ಅಲ್ಲ. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ವೈದ್ಯರು 1977ರಲ್ಲಿ, ಕೀಮೋಗೆ ಮುಂಚೆ ಮತ್ತು ಆಮೇಲೆ ಧಾರಾಳವಾಗಿ ಸಲೈನ್ ಹರಿಸಿ, ಮೂತ್ರ ಚೆನ್ನಾಗಿ ಹೋಗೋ ಹಾಗೆ ಮಾಡಿದ್ರೆ ಕಿಡ್ನಿ ಎಷ್ಟೋ ಉಳಿಯುತ್ತೆ ಅಂತ ತೋರಿಸಿದ್ರು. 1978ರ ಕೊನೆಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ನೀವು ಯಾರನ್ನಾದ್ರೂ ಡೇ ಕೇರ್ ವಾರ್ಡಿಗೆ ಕರ್ಕೊಂಡು ಹೋಗಿದ್ರೆ ನೋಡಿರ್ತೀರ, ಅಸಲಿ ಔಷಧಿ ಒಂದು ಬಾಟಲಿ, ಅದರ ಹಿಂದೆ ಮುಂದೆ ಬರೀ ಸಲೈನ್ ಬಾಟಲಿಗಳು. "ನೀರು ಹಾಕೋಕೆ ಇಡೀ ದಿನ ಬೇಕಾ ಇವರಿಗೆ?" ಅಂತ ನಮ್ಮ ದೊಡ್ಡಮ್ಮ ಗೊಣಗೋರು. ಬೇಕು ದೊಡ್ಡಮ್ಮ. ಆ ನೀರು ಹಾಕೋದನ್ನ ಕಲಿಯೋಕೆ ವರ್ಷಗಳೇ ಹಿಡಿದವು.

ವಾಂತಿಗೆ ಉತ್ತರ ಇನ್ನೂ ತಡವಾಗಿ ಬಂತು. ಒಂಡಾನ್‌ಸೆಟ್ರಾನ್ ಅನ್ನೋ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1991ರಲ್ಲಿ. ಈಗ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಎಮೆಸೆಟ್ ಅಂತ ಕೇಳಿದ್ರೆ ಕೊಡ್ತಾರಲ್ಲ, ಅದೇ. ಕ್ಯಾನ್ಸರ್ ಇತಿಹಾಸ ಬರೆಯೋರು ದೊಡ್ಡ ದೊಡ್ಡ ಔಷಧಿಗಳ ಬಗ್ಗೆ ಬರೀತಾರೆ. ನನ್ನ ಕೇಳಿದ್ರೆ ಈ ವಾಂತಿ ಮಾತ್ರೆಗೆ ಒಂದು ಅಧ್ಯಾಯ ಕೊಡಬೇಕು. ಅದು ಬರೋ ಮುಂಚೆ ಕೋರ್ಸ್ ಪೂರ್ತಿ ಮಾಡೋದು ಅಂದ್ರೆ ಏನು ಅಂತ ಊಹಿಸೋದೇ ಕಷ್ಟ.

ಹುಳದ ವಾಸನೆಯ ಮಧ್ಯೆ ಮೂವತ್ತು ವರ್ಷ ಕೂತು ಊಟ ಮಾಡಿದ ನಮ್ಮ ದೊಡ್ಡಪ್ಪ ಮೂರನೇ ವಾರದಲ್ಲಿ ಪಕ್ಕದ ಮನೆಯ ಒಗ್ಗರಣೆ ವಾಸನೆಗೆ ವಾಂತಿ ಮಾಡ್ಕೊಂಡ್ರು.

ಈಗ ನಮ್ಮ ಜಿಲ್ಲೆಗೆ ಬರೋಣ. 2007ರವರೆಗೆ ಇದು ಕೋಲಾರ ಜಿಲ್ಲೆ. ಆ ವರ್ಷ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯ್ತು. ನಮ್ಮ ಕಡೆಯವರಿಗೆ ಕ್ಯಾನ್ಸರ್ ಅಂದ್ರೆ ಬೆಂಗಳೂರು, ಬೆಂಗಳೂರು ಅಂದ್ರೆ ಕಿದ್ವಾಯಿ. ನೆಹರೂ ಸರ್ಕಾರದಲ್ಲಿ ಸಂಪರ್ಕ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಹೆಸರಿನ ಈ ಆಸ್ಪತ್ರೆ ಶುರುವಾಗಿದ್ದು 1973ರಲ್ಲಿ. 1980ರಲ್ಲಿ ಸ್ವಾಯತ್ತ ಸಂಸ್ಥೆಯಾಯ್ತು. ದೇಶದಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬರ್ತಿದೆ ಅಂತ ಲೆಕ್ಕ ಇಡೋ ರಿಜಿಸ್ಟ್ರಿ 1982ರಲ್ಲಿ ಮುಂಬೈ, ಮದ್ರಾಸ್ ಜೊತೆ ಬೆಂಗಳೂರಲ್ಲೂ ಕಿದ್ವಾಯಿಯಲ್ಲೇ ಶುರುವಾಯ್ತು. ಆ ದಿನಗಳಲ್ಲಿ ಶಿಡ್ಲಘಟ್ಟ, ಚಿಂತಾಮಣಿ ಸ್ಟೇಷನ್ನಿಗೆ ಬರ್ತಿದ್ದದ್ದು ನ್ಯಾರೋ ಗೇಜ್ ಪುಟ್ಟ ರೈಲು. ಅಗಲ ಹಳಿಯ ಮೇಲೆ ಚಿಕ್ಕಬಳ್ಳಾಪುರ–ಕೋಲಾರ ರೈಲು ಓಡಿದ್ದು 2013ರಲ್ಲಿ. ಆರು ವಾರ ದಿನಾ ಹೋಗಿಬರೋದು ಆಗ ಹೇಳೋ ಮಾತಲ್ಲ. ಬೆಂಗಳೂರಲ್ಲಿ ನೆಂಟರಿದ್ರೆ ಉಂಟು, ಇಲ್ಲಾಂದ್ರೆ ಆಸ್ಪತ್ರೆ ವರಾಂಡ.

ನಾವು ಹೋಗ್ತಿದ್ದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಕಾಯೋ ಹಾಲ್‌ನಲ್ಲಿ ನಮ್ಮ ಜಿಲ್ಲೆಯವರದ್ದೇ ಒಂದು ಗುಂಪಾಗಿತ್ತು. ಗೌರಿಬಿದನೂರಿನ ಒಬ್ಬ ಹುಡುಗ, ಇಪ್ಪತ್ತಾರು ವರ್ಷ, ನಾಲಿಗೆಯ ಕ್ಯಾನ್ಸರ್, ಕಾಲೇಜಿನಿಂದ ಗುಟ್ಕಾ. ಬೆಳಿಗ್ಗೆ ಹಿಂದೂಪುರದ ಕಡೆಯಿಂದ ಬರೋ ರೈಲು ಹತ್ತಿ ಯಲಹಂಕಕ್ಕೆ ಬಂದು, ಅಲ್ಲಿಂದ ಬಸ್. ಚಿಕಿತ್ಸೆಗೆ ಹೋಗೋ ಕ್ಯಾನ್ಸರ್ ರೋಗಿಗೂ ಜೊತೆಗೆ ಬರೋರಿಗೂ ರೈಲ್ವೆ ರಿಯಾಯಿತಿ ಇದೆ ಅಂತ ನಮಗೆಲ್ಲ ಹೇಳಿಕೊಟ್ಟಿದ್ದು ಅವನೇ. ಚಿಂತಾಮಣಿ ಕಡೆಯ ಒಬ್ಬ ಅಮ್ಮ, ಟೊಮೆಟೊ ತೋಟದಲ್ಲಿ ಕೂಲಿ. ಅವರದ್ದೂ ಕೆನ್ನೆ, ಅವರದ್ದೂ ಕಡ್ಡಿಪುಡಿ. ನಮ್ಮ ದೊಡ್ಡಮ್ಮಂಗೆ ಅವರು ಒಳ್ಳೆ ಜೊತೆ. ಅದೇ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ ಫ್ರೀ ಆಗಿತ್ತು. "ನಮಗೆ ಟಿಕೆಟ್ ಇಲ್ಲ, ಕಾಯಿಲೆಯವರಿಗೇ ಟಿಕೆಟ್" ಅಂತ ದೊಡ್ಡಮ್ಮ ನಗೋರು. ಆ ಅಮ್ಮಂಗೆ ಮಾತ್ರ ಎರಡೂ ತಾನೇ, ಕಾಯಿಲೆಯವರೂ ಅವರೇ, ಫ್ರೀನೂ ಅವರೇ. ಒಬ್ಬರೇ ಬಂದು ಒಬ್ಬರೇ ಹೋಗೋರು.

ಚಿಕಿತ್ಸೆಯ ಖರ್ಚು ಬಿಪಿಎಲ್ ಕಾರ್ಡಿನ ಮೇಲೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆಗ್ತಿತ್ತು, ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ. ಆದ್ರೆ ಹೋದ ಕೂಲಿಯನ್ನ ಯಾವ ಕಾರ್ಡೂ ಕೊಡಲ್ಲ. ಮೂರು ಕೀಮೋ ಆದಮೇಲೆ ಆ ಅಮ್ಮ ಬರಲಿಲ್ಲ. ರೇಡಿಯೇಷನ್‌ಗೂ ಬರಲಿಲ್ಲ. ದೊಡ್ಡಮ್ಮನ ಹತ್ತಿರ ಇದ್ದ ನಂಬರ್‌ಗೆ ಫೋನ್ ಮಾಡಿದ್ರೆ ಸ್ವಿಚ್ ಆಫ್. ಒಂದು ವಾರ ಪಕ್ಕದ ಕುರ್ಚಿ ಮೇಲೆ ದೊಡ್ಡಮ್ಮ ಚೀಲ ಇಟ್ಟು ಜಾಗ ಹಿಡಿದಿದ್ರು.

ಸರಿ, ದೊಡ್ಡಪ್ಪನ ಪ್ರಶ್ನೆ. ಗಡ್ಡೆ ತೆಗೆದಾಯ್ತು, ಮತ್ತೆ ಯಾಕೆ?

2004ರ ಮೇ ತಿಂಗಳಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಎರಡು ಅಧ್ಯಯನ ಒಟ್ಟಿಗೆ ಬಂದವು, ಒಂದು ಯುರೋಪಿನದ್ದು, ಒಂದು ಅಮೆರಿಕದ್ದು. ಎರಡರಲ್ಲೂ ಇದ್ದಿದ್ದು ದೊಡ್ಡಪ್ಪನಂಥವರೇ: ತಲೆ-ಕತ್ತಿನ ಕ್ಯಾನ್ಸರ್, ಆಪರೇಷನ್ ಆಗಿದೆ, ಆದ್ರೆ ವಾಪಸ್ ಬರೋ ಅಪಾಯ ಜಾಸ್ತಿ. ಅರ್ಧ ಜನಕ್ಕೆ ಬರೀ ರೇಡಿಯೇಷನ್, ಇನ್ನರ್ಧಕ್ಕೆ ಜೊತೆಗೆ ಸಿಸ್‌ಪ್ಲಾಟಿನ್. ಯುರೋಪಿನ ಅಧ್ಯಯನದಲ್ಲಿ 334 ಜನ. 5 ವರ್ಷ ಬದುಕಿದ್ದವರು ಬರೀ ರೇಡಿಯೇಷನ್ ಗುಂಪಿನಲ್ಲಿ ಶೇ 40, ಎರಡೂ ಪಡೆದವರಲ್ಲಿ ಶೇ 53. ಅಮೆರಿಕದ್ದರಲ್ಲಿ ಕ್ಯಾನ್ಸರ್ ಅದೇ ಜಾಗಕ್ಕೆ ವಾಪಸ್ ಬರೋದು ಕಡಿಮೆಯಾಯ್ತು, ಆದ್ರೆ ಆಯಸ್ಸಿನ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿರಲಿಲ್ಲ. ಮರುವರ್ಷ ಎರಡನ್ನೂ ಸೇರಿಸಿ ನೋಡಿದಾಗ ಯಾರಿಗೆ ಹೆಚ್ಚು ಲಾಭ ಅಂತ ಕಾಣಿಸಿತು: ಗಂಟಿನ ಗೋಡೆ ಒಡೆದು ಕ್ಯಾನ್ಸರ್ ಹೊರಗೆ ಬಂದವರಿಗೆ, ಮತ್ತೆ ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದವರಿಗೆ. ದೊಡ್ಡಪ್ಪನ ರಿಪೋರ್ಟ್‌ನ ಆ ಒಂದು ಸಾಲು.

ನಾನು ಈ ಪೇಪರ್‌ಗಳನ್ನ ಓದೋವಾಗ ನಿಂತುಹೋಗಿದ್ದು ಬೇರೆ ಕಡೆ. ಆ ಅಧ್ಯಯನಗಳಲ್ಲಿ ಕೊಟ್ಟಿದ್ದು ಮೂರು ವಾರಕ್ಕೊಂದು ದೊಡ್ಡ ಡೋಸ್, ಒಟ್ಟು ಮೂರು. ಮೂರನ್ನೂ ಪೂರ್ತಿ ಮಾಡಿದವರು ಎಷ್ಟು ಗೊತ್ತಾ? ಯುರೋಪಿನಲ್ಲಿ ಹೆಚ್ಚು ಕಮ್ಮಿ ಅರ್ಧ. ಅಮೆರಿಕದಲ್ಲಿ ಶೇ 60ರ ಆಸುಪಾಸು. ಅಂಥ ದೇಶಗಳಲ್ಲಿ, ಅಂಥ ಆಸ್ಪತ್ರೆಗಳಲ್ಲಿ! ನಾನು ಆ ಭಾನುವಾರ ರಾತ್ರಿ ದೊಡ್ಡಪ್ಪನ ಮೇಲೆ ಕೂಗಾಡಿದ್ದು ನೆನಪಾಗಿ ನಾಚಿಕೆಯಾಯ್ತು. ಅವರಿಗೆ ಧೈರ್ಯ ಇಲ್ಲ ಅಂದುಕೊಂಡಿದ್ದೆ.

ಒಂದೇ ಸಲ ದೊಡ್ಡ ಡೋಸ್ ತಡೆಯೋಕೆ ಆಗಲ್ಲ ಅಂತಲೇ ವಾರಕ್ಕೊಂದು ಸಣ್ಣ ಡೋಸ್ ಬಂತು. ಡೋಸ್ ಲೆಕ್ಕ ಹಾಕೋದು ಮೈಯ ವಿಸ್ತೀರ್ಣದ ಮೇಲೆ. ದೊಡ್ಡ ಡೋಸ್ ಅಂದ್ರೆ ಚದರ ಮೀಟರ್‌ಗೆ 100 ಮಿಲಿಗ್ರಾಂ. ಮುಂಬೈನ ಟಾಟಾ ಮೆಮೋರಿಯಲ್‌ನವರು 300 ಜನರಲ್ಲಿ ವಾರಕ್ಕೆ 30 ಮಿಲಿಗ್ರಾಂ ಕೊಟ್ಟು ಹೋಲಿಸಿ ನೋಡಿದ್ರು. 2018ರಲ್ಲಿ ಬಂದ ಫಲಿತಾಂಶ: ಎರಡು ವರ್ಷದ ಹೊತ್ತಿಗೆ ಬಾಯಿ-ಕತ್ತಿನಲ್ಲಿ ಕ್ಯಾನ್ಸರ್ ಹತೋಟಿಯಲ್ಲಿದ್ದವರು ದೊಡ್ಡ ಡೋಸ್‌ನಲ್ಲಿ ಶೇ 73, ವಾರದ ಡೋಸ್‌ನಲ್ಲಿ ಶೇ 58.5. ತೊಂದರೆ ಕಡಿಮೆ, ಲಾಭವೂ ಕಡಿಮೆ. ಜಪಾನಿನವರು ಆಪರೇಷನ್ ಆದವರಿಗೆ ವಾರಕ್ಕೆ 40 ಕೊಟ್ಟು ನೋಡಿದ್ರು. 2022ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಾರದ ಡೋಸ್ ಹಿಂದೆ ಬೀಳಲಿಲ್ಲ. ದೊಡ್ಡಪ್ಪಂಗೆ ಕೊಟ್ಟಿದ್ದು ಈ 40ರ ಲೆಕ್ಕ.

ಈಗ ಸ್ವಲ್ಪ ಗಣಿತ. ಹಲವು ಅಧ್ಯಯನಗಳನ್ನ ಒಟ್ಟಿಗೆ ನೋಡಿದ ವೈದ್ಯರು, ರೇಡಿಯೇಷನ್ ನಡೆಯೋ ಅವಧಿಯಲ್ಲಿ ಸಿಸ್‌ಪ್ಲಾಟಿನ್ ಒಟ್ಟು 200 ಮಿಲಿಗ್ರಾಂ ಮುಟ್ಟಬೇಕು ಅನ್ನೋ ಅಂದಾಜಿಗೆ ಬಂದಿದ್ದಾರೆ. ಅದೇನು ಶಿಲಾಶಾಸನ ಅಲ್ಲ. ಕಿಡ್ನಿ, ಕಿವಿ, ರಕ್ತದ ಕಣ ನೋಡಿ ಒಂದು ಡೋಸ್ ಬಿಡೋದೂ ಉಂಟು, ಅದು ಡಾಕ್ಟರ್ ನಿರ್ಧಾರ. ಸಿಸ್‌ಪ್ಲಾಟಿನ್ ಆಗದೇ ಇರೋರಿಗೆ ಡೋಸಿಟ್ಯಾಕ್ಸೆಲ್ ಕೊಡಬಹುದು ಅಂತ ಟಾಟಾದವರೇ 2023ರಲ್ಲಿ ತೋರಿಸಿದ್ದಾರೆ. ಆದ್ರೂ ನೋಡಿ: ವಾರಕ್ಕೆ 40ರಂತೆ ನಾಲ್ಕು ಅಂದ್ರೆ 160. ಐದು ಅಂದ್ರೆ 200. ದೊಡ್ಡಪ್ಪ "ಇಂಕ ಚಾಲು" ಅಂತ ಬರೆದಿದ್ದು ಸರಿಯಾಗಿ ಆ ಗೆರೆಯ ಈಚೆ ನಿಂತು. ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವರನ್ನ ಎಬ್ಬಿಸಿದ್ದು ನಾನಲ್ಲ. ಗೌರಿಬಿದನೂರಿನ ಹುಡುಗ ವಿಡಿಯೋ ಕಾಲ್ ಮಾಡಿದ. ಅವನಿಗೂ ಮಾತಾಡೋಕೆ ಆಗಲ್ಲ. ಇಬ್ಬರೂ ಫೋನಿನಲ್ಲಿ ಒಬ್ಬರನ್ನೊಬ್ಬರು ನೋಡ್ಕೊಂಡು ಕೂತಿದ್ರು. ಅವನು ತನ್ನ ಮೂಗಿಗೆ ಅಂಟಿಸಿದ್ದ ಟ್ಯೂಬ್ ತೋರಿಸಿ, ಬನ್ನಿ ಅಂತ ಕೈ ಮಾಡಿದ. ದೊಡ್ಡಪ್ಪ ಎದ್ದು ಶರ್ಟ್ ಹಾಕ್ಕೊಂಡ್ರು.

ಆ ದಿನ ಕೀಮೋ ಆಗಲಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಏರಿತ್ತು, ನೀರು ಕುಡಿಯದೇ ಕಿಡ್ನಿ ಸೊರಗಿತ್ತು. ಡಾಕ್ಟರ್ ಬೈಯಲಿಲ್ಲ. ಅಡ್ಮಿಟ್ ಮಾಡ್ಕೊಂಡು ಸಲೈನ್ ಹಾಕಿಸಿ, ವಾಂತಿ ಔಷಧಿ ಬದಲಾಯಿಸಿ, ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿದ್ರು. ರೇಡಿಯೇಷನ್ ಮಾತ್ರ ಒಂದು ದಿನವೂ ತಪ್ಪಿಸಬೇಡಿ ಅಂದ್ರು, ಗ್ಯಾಪ್ ಬಿದ್ದಷ್ಟೂ ಉಳಿದ ಕ್ಯಾನ್ಸರ್ ಕೋಶಗಳಿಗೆ ಬೆಳೆಯೋಕೆ ಸಮಯ ಸಿಗುತ್ತಂತೆ. ಆ ಟ್ಯೂಬ್‌ಗೆ ರೈಲ್ಸ್ ಟ್ಯೂಬ್ ಅಂತಾರೆ. ಜಾನ್ ಆಲ್ಫ್ರೆಡ್ ರೈಲ್ ಅಂತ ಇಂಗ್ಲೆಂಡಿನ ವೈದ್ಯರು 1921ರಲ್ಲಿ ಹೊಟ್ಟೆಯ ರಸ ಪರೀಕ್ಷೆ ಮಾಡೋಕೆ ಅಂತ ಬಳಕೆಗೆ ತಂದಿದ್ದು. ದೊಡ್ಡಪ್ಪ ಲೆಕ್ಕದ ಪುಸ್ತಕದಲ್ಲಿ ಬರೆದರು: "ನಮ್ಮೂರಿಗೆ ರೈಲು ಬಂತು."

ದೊಡ್ಡಮ್ಮ ರಾಗಿ ಅಂಬಲಿಯನ್ನ ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಸೋಸಿ, ಸಿರಿಂಜ್‌ನಲ್ಲಿ ಎರಡು ಗಂಟೆಗೊಮ್ಮೆ ಬಿಡೋರು. ಆಮೇಲೆ ನೀರು, ಹಾಲು. ಮೊಬೈಲ್‌ನಲ್ಲಿ ಅಲಾರಂ ಇಟ್ಟು, ಗಂಟೆ ಗಂಟೆಗೆ ಎಷ್ಟು ಲೋಟ ಅಂತ ಅದೇ ಗೂಡಿನ ಪುಸ್ತಕದಲ್ಲಿ ಗೀಟು ಹಾಕೋರು. ಗುರುವಾರದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಇಳಿದಿತ್ತು. ಅವತ್ತೇ ಐದನೇ ಕೀಮೋ. ಆರನೆಯದು ಮುಂದಿನ ಗುರುವಾರ. ಮಾರನೇ ದಿನ ಶುಕ್ರವಾರ 30ನೇ ರೇಡಿಯೇಷನ್. ಮುಖಕ್ಕೆ ಹಾಕ್ತಿದ್ದ ಬಲೆಯಂಥ ಪ್ಲಾಸ್ಟಿಕ್ ಮುಖವಾಡ ಮನೆಗೆ ಕೊಡ್ತೀವಿ ಅಂದ್ರು. ದೊಡ್ಡಪ್ಪ ಬೇಡ ಅಂತ ಕೈ ಅಲ್ಲಾಡಿಸಿದ್ರು.

ಗೌರಿಬಿದನೂರಿನ ಹುಡುಗನೂ ಕೋರ್ಸ್ ಮುಗಿಸಿದ. ಈಗ ಫಾಲೋಅಪ್‌ಗೆ ಬಂದಾಗ ಸಿಗ್ತಾನೆ. ಚಿಂತಾಮಣಿಯ ಆ ಅಮ್ಮನ ಸುದ್ದಿ ಗೊತ್ತಿಲ್ಲ. ದೊಡ್ಡಮ್ಮ ಚಿಂತಾಮಣಿ ಬಸ್ ನಿಂತಾಗಲೆಲ್ಲ ಇಳಿಯೋರ ಮುಖ ನೋಡ್ತಾರೆ.

ದೊಡ್ಡಪ್ಪ ಈಗ ಮೆತ್ತಗಿನ ಮುದ್ದೆ ಉಣ್ತಾರೆ, ಸಾರು ಜಾಸ್ತಿ ಬೇಕು, ಬಾಯಲ್ಲಿ ಜೊಲ್ಲು ಕಮ್ಮಿ. ಬಾಯಿ ಪೂರ್ತಿ ತೆರೆಯಲ್ಲ. ಕಿವಿಯಲ್ಲಿ ಸಣ್ಣಗೆ ಗುಂಯ್ ಅನ್ನೋ ಸದ್ದು ನಿಂತಿಲ್ಲ, ಅದು ಸಿಸ್‌ಪ್ಲಾಟಿನ್ ಬಿಟ್ಟುಹೋದ ಗುರುತು. ತೀರಾ ಸಣ್ಣ ದನಿಗಳು ಕೇಳಲ್ಲ, ಫೋನ್ ರಿಂಗ್ ಆದ್ರೂ ಗೊತ್ತಾಗಲ್ಲ. ಈ ಎಪಿಸೋಡ್ ರೆಕಾರ್ಡ್ ಮಾಡೋ ಮುಂಚೆ ಅವರ ಒಪ್ಪಿಗೆ ಕೇಳಿದೆ. "ಹೇಳ್ಕೋ ಹೋಗು, ನನಗೆ ಹೆಂಗೂ ಅರ್ಧ ಕೇಳಲ್ಲ" ಅಂದ್ರು. ಆಮೇಲೆ ವಾಲ್ಯೂಮ್ ಎಲ್ಲಿ ಜಾಸ್ತಿ ಮಾಡೋದು ಅಂತ ಕೇಳಿ ತಿಳ್ಕೊಂಡ್ರು.